ಕಿಸಾಸ್ ವಚನಗಳನ್ನು ಬೈಬಲ್ ಪರಂಪರೆಯ ಜೊತೆಗಿಟ್ಟು ಓದುವ ಕ್ರಮ

‘ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು’ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಮುಯ್ಯಿ ತೀರಿಸಿಕೊಳ್ಳುವ ಮನಸ್ಸನ್ನು ಹಳಿಯಲು ಬಳಸುತ್ತೇವೆ. ಅದೇ ಮಾತು ತೌರಾತಿನಲ್ಲಿ, ಅಂದರೆ ಬೈಬಲಿನ ಮೊದಲ ಐದು ಗ್ರಂಥಗಳಲ್ಲಿ, ನ್ಯಾಯದ ವಿಧಿಯಾಗಿ ಬಂದಿದೆ; ಕುರ್‌ಆನ್ ಅದನ್ನು ತೌರಾತಿನ ವಿಧಿಯೆಂದೇ ಹೆಸರಿಸಿ ಉಲ್ಲೇಖಿಸುತ್ತದೆ. ಈ ಎರಡು ಗ್ರಂಥಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಂಡು ಪ್ರತೀಕಾರ ನ್ಯಾಯದ, ಅಂದರೆ ಕಿಸಾಸ್‌ನ, ವಿಚಾರವನ್ನು ತಾವೇ ಓದಿ ತಿಳಿಯಬೇಕೆನ್ನುವ ವಿದ್ಯಾರ್ಥಿಗಳಿಗೆ, ಉಪನ್ಯಾಸ ಸಿದ್ಧಪಡಿಸುವವರಿಗೆ, ಮಸೀದಿ ಅಥವಾ ಚರ್ಚಿನ ಅಧ್ಯಯನ ಕೂಟಗಳಿಗೆ ಅನುಕೂಲವಾಗಲೆಂದು ಓದಿನ ಒಂದು ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರ ಗಮನ ಕಣ್ಣು, ಹಲ್ಲುಗಳ ಪಟ್ಟಿಯ ಮೇಲೆಯೇ ನಿಲ್ಲುತ್ತದೆ. ಎರಡು ಪರಂಪರೆಗಳ ನಿಜವಾದ ಕವಲು ಇರುವುದು ಬೇರೆ ಕಡೆ: ಒಬ್ಬನ ಕೊಲೆಯಾದಾಗ ಆ ಪ್ರಾಣದ ಲೆಕ್ಕ ಯಾರಿಗೆ ಸಲ್ಲಬೇಕು, ಅದನ್ನು ಬಿಟ್ಟುಕೊಡುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆಯಲ್ಲಿ.

ಓದಿನ ವ್ಯಾಪ್ತಿಯನ್ನು ಮೊದಲು ಕಟ್ಟಿಕೊಳ್ಳಿ. ನೂಹರ ಜನಾಂಗ, ಆದ್, ಸಮೂದ್, ಫಿರ್‌ಔನ್ ಮುಂತಾದವರ ಮೇಲೆ ದೇವರ ಶಿಕ್ಷೆ ಇಳಿದ ಕಥನಗಳು ಕುರ್‌ಆನ್‌ನಲ್ಲಿ ಹೇರಳವಾಗಿವೆ. ಅಲ್ಲಿ ಶಿಕ್ಷಿಸುವವನು ದೇವರೇ. ಮನುಷ್ಯರು ತಮ್ಮತಮ್ಮೊಳಗೆ ನಡೆಸಬೇಕಾದ ನ್ಯಾಯದ ವಚನಗಳೊಂದಿಗೆ ಅವನ್ನು ಬೆರೆಸಿದರೆ ಎರಡೂ ಕಲಸಿಹೋಗುತ್ತವೆ. ಕಳ್ಳತನದ ಶಿಕ್ಷೆ (5:38), ದರೋಡೆ ಮತ್ತು ನಾಡಿನಲ್ಲಿ ಕ್ಷೋಭೆ ಎಬ್ಬಿಸುವುದರ ಶಿಕ್ಷೆ (5:33) ಸಹ ಬೇರೆ ವರ್ಗಕ್ಕೆ ಸೇರಿದವು. ಕೊಲೆ ಮತ್ತು ದೇಹಕ್ಕಾದ ಗಾಯಗಳಿಗೆ ಸಮನಾದ ಪ್ರತೀಕಾರ, ಅದರ ಬದಲಿಗೆ ನೀಡುವ ರಕ್ತಪರಿಹಾರ ಅಂದರೆ ದಿಯಾ, ಮತ್ತು ಕ್ಷಮೆ ಎಂಬ ಮೂರನ್ನು ಒಳಗೊಂಡ ಕಿಸಾಸ್ ಮಾತ್ರ ನಮ್ಮ ವಿಷಯ.

ಒಂದು ಕನ್ನಡ ಬೈಬಲ್, ಅಡಿಟಿಪ್ಪಣಿಗಳಿರುವ ಒಂದು ಕುರ್‌ಆನ್ ಅನುವಾದ ಮತ್ತು ಒಂದು ನೋಟ್‌ಪುಸ್ತಕ ಇದ್ದರೆ ಕೆಲಸ ಆರಂಭಿಸಬಹುದು. ಒಂದೇ ವ್ಯಕ್ತಿಯ ಹೆಸರು ಎರಡು ಗ್ರಂಥಗಳಲ್ಲಿ ಬೇರೆಬೇರೆ ರೂಪದಲ್ಲಿ ಬರುವುದರಿಂದ, ಮೋಶೆ ಎಂದರೆ ಮೂಸಾ, ಯೇಸು ಎಂದರೆ ಈಸಾ, ಕಾಯಿನ ಮತ್ತು ಹೇಬೆಲರೆಂದರೆ ಮುಸ್ಲಿಂ ಪರಂಪರೆಯ ಖಾಬೀಲ್ ಮತ್ತು ಹಾಬೀಲ್ ಎಂದು ಮೊದಲ ಪುಟದಲ್ಲಿಯೇ ಬರೆದಿಟ್ಟುಕೊಳ್ಳಿ. ಒಂದೊಂದು ವಾಕ್ಯವನ್ನು ಬಿಡಿಯಾಗಿ ತೆಗೆದು ನೋಡದೆ, ಪ್ರತಿ ಸಲವೂ ಹಿಂದಿನ ಹತ್ತು ಮತ್ತು ಮುಂದಿನ ಹತ್ತು ವಾಕ್ಯಗಳನ್ನು ಓದುವ ನಿಯಮ ಇಟ್ಟುಕೊಳ್ಳಿ. ಮುಂದೆ ಹೇಳುವುದೆಲ್ಲ ಈ ನಿಯಮದ ಮೇಲೆ ನಿಂತಿದೆ.

ಮೊದಲು ತೌರಾತ್

ಕುರ್‌ಆನ್‌ಗಿಂತ ಮೊದಲು ತೌರಾತಿನ ಮೂರು ಭಾಗಗಳನ್ನು ಓದಿ, ಏಕೆಂದರೆ ‘ಕಣ್ಣಿಗೆ ಕಣ್ಣು’ ಅಲ್ಲಿ ಮೂರು ಸಲ, ಮೂರು ಬೇರೆ ಸಂದರ್ಭಗಳಲ್ಲಿ ಬರುತ್ತದೆ. ಮೊದಲನೆಯದು ವಿಮೋಚನಕಾಂಡ 21:22-25. ಇಬ್ಬರು ಗಂಡಸರು ಹೊಡೆದಾಡುವಾಗ ಗರ್ಭಿಣಿಯೊಬ್ಬಳಿಗೆ ಪೆಟ್ಟು ಬೀಳುತ್ತದೆ. ಬೇರೆ ಹಾನಿಯಾಗದಿದ್ದರೆ ಅವಳ ಗಂಡ ಕೇಳಿದ, ನ್ಯಾಯಾಧಿಪತಿಗಳು ಒಪ್ಪಿದ ದಂಡ ತೆರಬೇಕು. ಹಾನಿಯಾದರೆ ಪ್ರಾಣಕ್ಕೆ ಪ್ರಾಣ, ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು, ಕೈಗೆ ಕೈ, ಕಾಲಿಗೆ ಕಾಲು, ಬರೆಗೆ ಬರೆ, ಗಾಯಕ್ಕೆ ಗಾಯ, ಪೆಟ್ಟಿಗೆ ಪೆಟ್ಟು. ಈ ಪಟ್ಟಿ ಮುಗಿದ ಕೂಡಲೇ ಬರುವ ಎರಡು ವಾಕ್ಯಗಳನ್ನು ಬಹಳ ಜನ ಓದದೆ ಬಿಡುತ್ತಾರೆ. ಯಜಮಾನನು ತನ್ನ ದಾಸನ ಕಣ್ಣು ಕಳೆದರೆ ಅಥವಾ ಹಲ್ಲು ಉದುರಿಸಿದರೆ ಆ ದಾಸನನ್ನು ಬಿಡುಗಡೆ ಮಾಡಬೇಕು. ಯಜಮಾನನ ಕಣ್ಣನ್ನು ಯಾರೂ ಕೀಳುವುದಿಲ್ಲ. ಅದೇ ಅಧ್ಯಾಯದ 18 ಮತ್ತು 19ನೆಯ ವಾಕ್ಯಗಳಲ್ಲಿ ಜಗಳದಲ್ಲಿ ಗಾಯಗೊಂಡು ಹಾಸಿಗೆ ಹಿಡಿದವನಿಗೆ ಕೆಲಸದ ನಷ್ಟವನ್ನೂ ವಾಸಿಯಾಗುವವರೆಗಿನ ಖರ್ಚನ್ನೂ ಕೊಡಬೇಕೆಂದಿದೆ. ಅಂದರೆ ಪಟ್ಟಿಯ ಹಿಂದೆಯೂ ಮುಂದೆಯೂ ಪರಿಹಾರ ಕೊಟ್ಟು ತೀರಿಸುವ ವ್ಯವಸ್ಥೆಯೇ ಕಾಣುತ್ತದೆ.

ಎರಡನೆಯದು ಯಾಜಕಕಾಂಡ 24:17-22. ದೇವದೂಷಣೆಯ ಮೊಕದ್ದಮೆಯೊಂದರ ನಡುವೆ ಈ ವಿಧಿ ಬರುತ್ತದೆ. ಪಶುವನ್ನು ಕೊಂದವನು ಬದಲು ಕೊಡಬೇಕು, ಮನುಷ್ಯನನ್ನು ಕೊಂದವನು ಸಾಯಬೇಕು, ಪರದೇಶದವನಿಗೂ ಸ್ವದೇಶದವನಿಗೂ ಒಂದೇ ನ್ಯಾಯ ಎಂದು ಅಲ್ಲಿ ಸ್ಪಷ್ಟಪಡಿಸಲಾಗಿದೆ. ಮೂರನೆಯದು ಧರ್ಮೋಪದೇಶಕಾಂಡ 19:15-21. ಇಲ್ಲಿ ಯಾರ ಕಣ್ಣೂ ಹೋಗಿಲ್ಲ, ಯಾರ ಹಲ್ಲೂ ಮುರಿದಿಲ್ಲ. ಒಬ್ಬನು ಸುಳ್ಳುಸಾಕ್ಷಿ ಹೇಳಿ ಇನ್ನೊಬ್ಬನಿಗೆ ಯಾವ ಶಿಕ್ಷೆ ಆಗಲೆಂದು ಹವಣಿಸಿದ್ದನೋ ಅದೇ ಶಿಕ್ಷೆ ಅವನಿಗೆ ಆಗಬೇಕು ಎಂಬುದು ವಿಧಿ. ಈ ಮೂರನ್ನೂ ಸೇರಿಸಿ ನೋಡಿದಾಗ, ‘ಕಣ್ಣಿಗೆ ಕಣ್ಣು’ ಎಂಬುದು ತೌರಾತಿನಲ್ಲಿ ನ್ಯಾಯಾಧಿಪತಿಗಳ ಕೈಗೆ ಕೊಟ್ಟ ಅಳತೆಯಾಗಿದೆ, ಗಾಯಗೊಂಡವನು ತಾನೇ ಹೋಗಿ ಸೇಡು ತೀರಿಸಿಕೊಳ್ಳಲು ಕೊಟ್ಟ ಅನುಮತಿಯಾಗಿಲ್ಲ ಎಂಬುದು ಮನವರಿಕೆಯಾಗುತ್ತದೆ.

ಅನಂತರ ಅರಣ್ಯಕಾಂಡದ 35ನೆಯ ಅಧ್ಯಾಯಕ್ಕೆ ಸಾಕಷ್ಟು ಸಮಯ ಕೊಡಿ. ನನ್ನ ಮಟ್ಟಿಗೆ ಇಡೀ ಹೋಲಿಕೆಯ ಕೀಲು ಇಲ್ಲಿದೆ. ಕೈತಪ್ಪಿ ಕೊಂದವನು ಓಡಿಹೋಗಿ ಸೇರಲು ಆರು ಆಶ್ರಯನಗರಗಳನ್ನು ಗೊತ್ತುಮಾಡಬೇಕು; ಹೆಬ್ರೋನ್, ಶೆಕೆಮ್ ಮೊದಲಾದ ಅವುಗಳ ಹೆಸರುಗಳು ಯೆಹೋಶುವನ ಗ್ರಂಥದ 20ನೆಯ ಅಧ್ಯಾಯದಲ್ಲಿವೆ. ಕಬ್ಬಿಣದ ಆಯುಧದಿಂದ ಹೊಡೆದನೋ, ಕಲ್ಲಿನಿಂದಲೋ, ಹಗೆಯಿಂದ ನೂಕಿದನೋ, ಹಗೆಯಿಲ್ಲದೆ ನೂಕಿದನೋ ಎಂದು ಅಧ್ಯಾಯ ಬಿಡಿಸಿ ಬಿಡಿಸಿ ಕೇಳುತ್ತದೆ. ಕೈತಪ್ಪಿ ಕೊಂದವನು ಮಹಾಯಾಜಕನು ಸಾಯುವವರೆಗೆ ಆಶ್ರಯನಗರದ ಒಳಗೇ ಇರಬೇಕು. ಹೊರಗೆ ಕಾಲಿಟ್ಟರೆ ಸತ್ತವನ ಸಮೀಪಬಂಧು ಅವನನ್ನು ಕೊಲ್ಲಬಹುದು. ಬೇಕೆಂದೇ ಕೊಂದವನಿಗೆ ಮಾತ್ರ ಯಾವ ದಾರಿಯೂ ಇಲ್ಲ. 31ನೆಯ ವಾಕ್ಯದಲ್ಲಿ, ಕೊಲೆಗಾರನ ಪ್ರಾಣಕ್ಕೆ ಬದಲಾಗಿ ಈಡನ್ನು, ಅಂದರೆ ಬಿಡುಗಡೆಯ ಹಣವನ್ನು, ತೆಗೆದುಕೊಳ್ಳಕೂಡದು ಎಂದಿದೆ. ಕಾರಣ 33ನೆಯ ವಾಕ್ಯದಲ್ಲಿ ಸಿಗುತ್ತದೆ: ರಕ್ತ ಸುರಿಸುವುದರಿಂದ ದೇಶ ಅಪವಿತ್ರವಾಗುತ್ತದೆ, ಸುರಿಸಿದವನ ರಕ್ತದಿಂದ ಹೊರತು ಬೇರೆ ಯಾವುದರಿಂದಲೂ ಆ ದೋಷ ಪರಿಹಾರವಾಗದು. ಸತ್ತವನ ಮನೆಯವರು ಒಪ್ಪಿದರೂ ಸಾಲದು. ಲೆಕ್ಕ ಅವರೊಬ್ಬರದಲ್ಲ, ನೆಲದ್ದು ಮತ್ತು ಆ ನೆಲದಲ್ಲಿ ವಾಸಿಸುವ ದೇವರದು. ಈ ಎರಡು ವಾಕ್ಯಗಳನ್ನು ನೋಟ್‌ಪುಸ್ತಕದಲ್ಲಿ ಪೂರ್ತಿಯಾಗಿ ಬರೆದುಕೊಳ್ಳಿ.

ಇದಕ್ಕೆ ಹಿನ್ನೆಲೆಯಾಗಿ ಆದಿಕಾಂಡ 4:23-24ರಲ್ಲಿ ಲೆಮೆಕನು ತನ್ನ ಹೆಂಡತಿಯರ ಮುಂದೆ ಹಾಡಿಕೊಳ್ಳುವ ಬಡಾಯಿಯನ್ನು ಒಮ್ಮೆ ಓದಿ. ತನಗೆ ಗಾಯ ಮಾಡಿದವನನ್ನು ಕೊಂದೆ, ಕಾಯಿನನಿಗಾಗಿ ಏಳರಷ್ಟು ಮುಯ್ಯಿಯಾದರೆ ಲೆಮೆಕನಿಗಾಗಿ ಎಪ್ಪತ್ತೇಳರಷ್ಟು ಎಂದು ಅವನು ಹೇಳುತ್ತಾನೆ. ಒಂದು ಕಣ್ಣಿಗೆ ಒಂದೇ ಕಣ್ಣು ಎಂಬ ವಿಧಿ ಇಂಥ ಲೆಕ್ಕಕ್ಕೆ ಹಾಕಿದ ಕಡಿವಾಣ. ಕ್ರಿ.ಪೂ. 18ನೆಯ ಶತಮಾನದ ಬಾಬಿಲೋನಿನ ಹಮ್ಮುರಬಿಯ ಶಾಸನದಲ್ಲಿಯೂ ಈ ಸಮತೆ ಇದೆ, ಆದರೆ ಅದು ಅಂತಸ್ತಿಗೆ ತಕ್ಕಂತೆ ಬದಲಾಗುತ್ತದೆ. ಕುಲೀನನು ಕುಲೀನನ ಕಣ್ಣು ಕಿತ್ತರೆ ಅವನ ಕಣ್ಣು ಹೋಗುತ್ತದೆ, ಸಾಮಾನ್ಯನ ಕಣ್ಣು ಕಿತ್ತರೆ ಬೆಳ್ಳಿ ತೆತ್ತರೆ ಸಾಕು. ಕಟ್ಟಿದ ಮನೆ ಕುಸಿದು ಯಜಮಾನನ ಮಗ ಸತ್ತರೆ ಮನೆ ಕಟ್ಟಿದವನ ಮಗನನ್ನು ಕೊಲ್ಲಬೇಕೆಂದೂ ಅಲ್ಲಿದೆ. ಮಕ್ಕಳ ತಪ್ಪಿಗೆ ತಂದೆಯನ್ನಾಗಲಿ ತಂದೆಯ ತಪ್ಪಿಗೆ ಮಕ್ಕಳನ್ನಾಗಲಿ ಕೊಲ್ಲಬಾರದು ಎಂಬ ಧರ್ಮೋಪದೇಶಕಾಂಡ 24:16ನ್ನು, ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂಬ ಕುರ್‌ಆನ್ 53:36-38ನ್ನು ಇದರ ಎದುರಿಗಿಟ್ಟು ನೋಡಿ. ಕುರ್‌ಆನ್ ಈ ಮಾತನ್ನು ಮೂಸಾ ಮತ್ತು ಇಬ್ರಾಹೀಮರ ಗ್ರಂಥಗಳಲ್ಲಿದ್ದ ಮಾತೆಂದೇ ಅಲ್ಲಿ ಹೇಳುತ್ತದೆ.

ತೌರಾತನ್ನು ಮುಚ್ಚಿ ನೇರವಾಗಿ ಕುರ್‌ಆನ್ ತೆರೆಯುವುದು ಸಾಮಾನ್ಯವಾಗಿ ಆಗುವ ತಪ್ಪು, ಏಕೆಂದರೆ ನಡುವೆ ಯೆಹೂದಿ ಧರ್ಮಪಂಡಿತರಾದ ರಬ್ಬಿಗಳ ಹಲವು ಶತಮಾನಗಳ ವಿಚಾರವಿದೆ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ, ರಬ್ಬಿಗಳ ವಿಧಿವಿಚಾರಗಳ ಗ್ರಂಥವಾದ ಮಿಷ್ನಾದ ಬಾಬಾ ಕಮ್ಮಾ ಭಾಗದ 8ನೆಯ ಅಧ್ಯಾಯ, ಗಾಯ ಮಾಡಿದವನು ಐದು ಬಾಬತ್ತುಗಳಲ್ಲಿ ಹಣ ಕೊಡಬೇಕು ಎನ್ನುತ್ತದೆ: ಅಂಗಹಾನಿ, ನೋವು, ಚಿಕಿತ್ಸೆ, ಕೆಲಸದ ನಷ್ಟ, ಅವಮಾನ. ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ಬಾಬಿಲೋನಿನ ತಲ್ಮೂದು ಇದಕ್ಕೆ ಆಧಾರ ಹುಡುಕುತ್ತಾ, ಒಬ್ಬನ ಕಣ್ಣು ದೊಡ್ಡದಾಗಿ ಇನ್ನೊಬ್ಬನದು ಚಿಕ್ಕದಾಗಿದ್ದರೆ ಸಮತೆ ಎಲ್ಲಿಂದ ಬಂತು, ಕುರುಡನೇ ಇನ್ನೊಬ್ಬನನ್ನು ಕುರುಡನನ್ನಾಗಿ ಮಾಡಿದರೆ ಅವನಿಂದ ಏನನ್ನು ಕೀಳುವುದು ಎಂದು ಕೇಳುತ್ತದೆ. ಅವರು ಮುಂದಿಟ್ಟ ಇನ್ನೊಂದು ವಾದ ಅರಣ್ಯಕಾಂಡ 35:31ರಿಂದಲೇ ಹುಟ್ಟಿದೆ. ಕೊಲೆಗಾರನ ಪ್ರಾಣಕ್ಕೆ ಈಡು ತೆಗೆದುಕೊಳ್ಳಬಾರದು ಎಂದು ಪ್ರತ್ಯೇಕವಾಗಿ ಹೇಳಿದ್ದರಿಂದ, ಅಂಗಗಳಿಗೆ ಈಡು ತೆಗೆದುಕೊಳ್ಳಬಹುದು ಎಂದು ಅವರು ತೀರ್ಮಾನಿಸಿದರು. ಹೀಗೆ ರಬ್ಬಿಗಳ ಪರಂಪರೆಯಲ್ಲಿ ಅಂಗಕ್ಕೆ ಪರಿಹಾರದ ಬಾಗಿಲು ತೆರೆಯಿತು, ಪ್ರಾಣಕ್ಕೆ ಮುಚ್ಚಿಯೇ ಉಳಿಯಿತು.

ಅರೇಬಿಯಾದ ಸೇಡು ಮತ್ತು ಅಲ್ ಬಕರದ ವಚನಗಳು

ಕುರ್‌ಆನ್ ಮಾತನಾಡಿದ್ದು ರಕ್ತದ ಸೇಡನ್ನು ಕುಲದ ಮರ್ಯಾದೆಯಾಗಿ ಕಂಡಿದ್ದ ಜನರೊಡನೆ. ಇಸ್ಲಾಮಿನ ಮುಂಚಿನ ಬಸೂಸ್ ಯುದ್ಧದ ಕಥನವನ್ನು ತಿಳಿದುಕೊಂಡರೆ 2:178ರ ಮಾತುಗಳು ಎಲ್ಲಿ ನಾಟುತ್ತವೆ ಎಂಬುದು ಗೊತ್ತಾಗುತ್ತದೆ. ತಗ್ಲಿಬ್ ಕುಲದ ಮುಖಂಡ ಕುಲೈಬನು ಬಸೂಸ್ ಎಂಬ ಹೆಂಗಸಿನ ಆಶ್ರಯದಲ್ಲಿದ್ದ ಒಂಟೆಗೆ ಬಾಣ ಬಿಟ್ಟ. ಬಕ್ರ್ ಕುಲದ ಜಸ್ಸಾಸನು ಕುಲೈಬನನ್ನೇ ಕೊಂದ. ಅರಬರ ಹೇಳಿಕೆಯಂತೆ ನಲವತ್ತು ವರ್ಷ ಎರಡೂ ಕುಲಗಳು ಹೊಡೆದಾಡಿದವು. ಯುದ್ಧದಿಂದ ದೂರ ಉಳಿದಿದ್ದ ಬಕ್ರ್ ಕುಲದ ಹಾರಿಸ್ ಬಿನ್ ಉಬಾದನ ಮಗ ಬುಜೈರನನ್ನು ಕುಲೈಬನ ಸಹೋದರ ಮುಹಲ್‌ಹಿಲ್ ಕೊಂದಾಗ, ತನ್ನ ಮಗನ ಸಾವಿನಿಂದಲಾದರೂ ಶಾಂತಿಯಾದರೆ ಒಳ್ಳೆಯದೇ ಎಂದು ತಂದೆ ಸಮಾಧಾನ ಮಾಡಿಕೊಂಡನಂತೆ. ಆದರೆ ಮುಹಲ್‌ಹಿಲ್ ಆ ಹುಡುಗನನ್ನು ಕೊಲ್ಲುವಾಗ, ಇವನು ಕುಲೈಬನ ಚಪ್ಪಲಿಯ ಬಾರಿಗೆ ಸಮ ಎಂದಿದ್ದನೆಂದು ತಿಳಿದಾಗ ಹಾರಿಸನೂ ಯುದ್ಧಕ್ಕಿಳಿದ. ಒಂದು ಕುಲದ ಮುಖಂಡನ ಚಪ್ಪಲಿಯ ಬಾರಿಗೆ ಇನ್ನೊಂದು ಕುಲದ ಮಗನ ಪ್ರಾಣ ಸಮವಾಗುವ ಲೋಕ ಅದು.

ಈಗ ಅಲ್ ಬಕರ ಅಧ್ಯಾಯದ 178 ಮತ್ತು 179ನೆಯ ವಚನಗಳನ್ನು ಓದಿ. ಕೊಲೆಯಾದವರ ವಿಷಯದಲ್ಲಿ ಕಿಸಾಸ್ ನಿಮಗೆ ವಿಧಿಸಲಾಗಿದೆ. ಸ್ವತಂತ್ರನಿಗೆ ಸ್ವತಂತ್ರ, ದಾಸನಿಗೆ ದಾಸ, ಹೆಣ್ಣಿಗೆ ಹೆಣ್ಣು ಎಂದು ವಚನ ಆರಂಭವಾಗುತ್ತದೆ. ಇಂದಿನ ಓದುಗನಿಗೆ ಇದು ಅಂತಸ್ತಿನ ಭೇದದಂತೆ ಕೇಳಿಸುವುದು ಸಹಜ, ಮತ್ತು ದಾಸ್ಯವನ್ನು ಇರುವ ವ್ಯವಸ್ಥೆಯೆಂದು ಒಪ್ಪಿಕೊಂಡೇ ಎರಡೂ ಗ್ರಂಥಗಳು ಮಾತನಾಡುತ್ತವೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ವ್ಯಾಖ್ಯಾನಕಾರರು ಇದರ ಸಂದರ್ಭವಾಗಿ ನೀಡುವ ವರದಿಗಳ ಪ್ರಕಾರ, ಬಲಿಷ್ಠ ಕುಲವೊಂದು ತನ್ನ ದಾಸನ ಕೊಲೆಗೆ ಎದುರು ಕುಲದ ಸ್ವತಂತ್ರನನ್ನು, ತನ್ನ ಹೆಣ್ಣಿನ ಕೊಲೆಗೆ ಎದುರು ಕುಲದ ಗಂಡನ್ನು ಕೊಲ್ಲುತ್ತೇವೆಂದು ಹಟ ಹಿಡಿದಿತ್ತು. ಕೊಂದವನನ್ನೇ ಹಿಡಿಯಿರಿ, ಅವನಿಗಿಂತ ಹೆಚ್ಚಿನವನನ್ನು ಹುಡುಕಬೇಡಿ ಎಂಬುದು ಅಲ್ಲಿನ ಆಶಯ. ಅಲ್ ಇಸ್ರಾ 17:33 ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ: ಅನ್ಯಾಯವಾಗಿ ಕೊಲೆಯಾದವನ ವಾರಸುದಾರನಿಗೆ ಅಧಿಕಾರ ಕೊಟ್ಟಿದ್ದೇವೆ, ಆದರೆ ಅವನು ಕೊಲ್ಲುವುದರಲ್ಲಿ ಮಿತಿ ಮೀರದಿರಲಿ.

2:178ರ ಎರಡನೆಯ ಅರ್ಧವನ್ನು ನಿಧಾನವಾಗಿ, ಸಾಧ್ಯವಾದರೆ ಎರಡು ಮೂರು ಅನುವಾದಗಳಲ್ಲಿ ಓದಿ. ಕೊಂದವನಿಗೆ ಅವನ ‘ಸಹೋದರ’ನ ಕಡೆಯಿಂದ ಏನಾದರೂ ಕ್ಷಮೆ ದೊರೆತರೆ, ಪರಿಹಾರವನ್ನು ಕೇಳುವವನು ಸದ್ರೀತಿಯಲ್ಲಿ ಕೇಳಲಿ, ಕೊಡುವವನು ಒಳ್ಳೆಯ ಮನಸ್ಸಿನಿಂದ ಕೊಡಲಿ ಎನ್ನುತ್ತದೆ ವಚನ. ಇಲ್ಲಿ ಸಹೋದರನೆಂದರೆ ಸತ್ತವನ ವಾರಸುದಾರ. ಕೊಲೆ ನಡೆದು, ರಕ್ತ ಇನ್ನೂ ಆರದಿರುವ ಹೊತ್ತಿನಲ್ಲಿ ಕೊಂದವನನ್ನೂ ಕೊಲೆಯಾದವನ ಮನೆಯವರನ್ನೂ ಸಹೋದರರೆಂದು ಕರೆಯುವ ಈ ಧೈರ್ಯದ ಮುಂದೆ ನಾನು ಪ್ರತಿ ಸಲ ಓದುವಾಗಲೂ ತಡೆದು ನಿಲ್ಲುತ್ತೇನೆ. ಮುಂದಿನ ಮಾತು ಹೀಗಿದೆ: ಇದು ನಿಮ್ಮ ಪ್ರಭುವಿನ ಕಡೆಯಿಂದ ಒಂದು ರಿಯಾಯಿತಿ ಮತ್ತು ಕರುಣೆ, ಇದರ ಬಳಿಕವೂ ಅತಿಕ್ರಮಿಸಿದವನಿಗೆ, ಅಂದರೆ ಪರಿಹಾರ ಪಡೆದ ಮೇಲೂ ಕೊಲ್ಲಲು ಹೊರಟವನಿಗೆ, ಕಠಿಣ ಶಿಕ್ಷೆಯಿದೆ.

ರಿಯಾಯಿತಿ ಎಂದರೆ ಯಾವುದರಿಂದ ರಿಯಾಯಿತಿ? ಪ್ರವಾದಿಯವರ ನಡೆನುಡಿಗಳ ವರದಿಗಳಾದ ಹದೀಸುಗಳ ಬುಖಾರಿ ಸಂಗ್ರಹದಲ್ಲಿರುವ ವರದಿಯೊಂದರಲ್ಲಿ ಪ್ರವಾದಿಯವರ ಸಂಗಾತಿ ಇಬ್ನ್ ಅಬ್ಬಾಸರು ಇದಕ್ಕೆ ಉತ್ತರ ಕೊಡುತ್ತಾರೆ: ಬನೀ ಇಸ್ರಾಈಲರಲ್ಲಿ, ಅಂದರೆ ಇಸ್ರಾಯೇಲರಲ್ಲಿ, ಕಿಸಾಸ್ ಇತ್ತು, ದಿಯಾ ಇರಲಿಲ್ಲ, ಬೇಕೆಂದೇ ಮಾಡಿದ ಕೊಲೆಗೂ ದಿಯಾ ಸ್ವೀಕರಿಸಬಹುದೆಂದು ಅಲ್ಲಾಹನು ಈ ಸಮುದಾಯಕ್ಕೆ ಹಗುರಗೊಳಿಸಿದನು. ನೋಟ್‌ಪುಸ್ತಕದಲ್ಲಿ ಬರೆದಿಟ್ಟ ಅರಣ್ಯಕಾಂಡ 35:31ನ್ನು ಈಗ ತೆರೆಯಿರಿ. ಕೊಲೆಗಾರನ ಪ್ರಾಣಕ್ಕೆ ಈಡು ತೆಗೆದುಕೊಳ್ಳಕೂಡದು ಎಂದು ತೌರಾತ್ ಮುಚ್ಚಿದ್ದ ಬಾಗಿಲನ್ನೇ ಕುರ್‌ಆನ್ ತೆರೆಯುತ್ತದೆ, ಮತ್ತು ಹಿಂದಿನ ವಿಧಿಯನ್ನು ತಪ್ಪೆಂದು ತಳ್ಳಿಹಾಕದೆ, ಹಗುರಗೊಳಿಸಿದೆ ಎಂಬ ಮಾತಿನಿಂದ ತೆರೆಯುತ್ತದೆ. ತೌರಾತಿನಲ್ಲಿ ರಕ್ತದ ಲೆಕ್ಕ ನೆಲಕ್ಕೂ ದೇವರಿಗೂ ಸೇರಿದ್ದರೆ, ಇಲ್ಲಿ ಅದನ್ನು ಕೇಳುವ ಮತ್ತು ಬಿಡುವ ಹಕ್ಕು ವಾರಸುದಾರನ ಕೈಗೆ ಬರುತ್ತದೆ. ಕೊಲ್ಲಿಸಬಹುದು, ಪರಿಹಾರ ಪಡೆಯಬಹುದು, ಏನನ್ನೂ ಕೇಳದೆ ಬಿಟ್ಟುಬಿಡಬಹುದು. ಕಿಸಾಸ್‌ನಲ್ಲಿ ನಿಮಗೆ ಜೀವನವಿದೆ ಎಂಬ 2:179ನ್ನು ಈ ಮೂರೂ ದಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ. ಸೇಡಿನ ಸರಪಳಿ ಎಲ್ಲಾದರೂ ತುಂಡಾದರೆ ಮಾತ್ರ ಕುಲಗಳು ಉಳಿಯುತ್ತವೆ.

ಹಾಗೆಂದು ದೇವರ ಲೆಕ್ಕ ಕುರ್‌ಆನ್‌ನಲ್ಲಿ ಇಲ್ಲವೆಂದು ಬರೆದುಕೊಳ್ಳಬೇಡಿ. ಅನ್ನಿಸಾ ಅಧ್ಯಾಯದ 92ನೆಯ ವಚನದಲ್ಲಿ ಕೈತಪ್ಪಿ ಸತ್ಯವಿಶ್ವಾಸಿಯೊಬ್ಬನನ್ನು ಕೊಂದವನು ಎರಡು ಕೆಲಸ ಮಾಡಬೇಕು: ಒಬ್ಬ ವಿಶ್ವಾಸಿ ದಾಸನನ್ನು ಬಿಡುಗಡೆಗೊಳಿಸಬೇಕು, ಸತ್ತವನ ಮನೆಯವರಿಗೆ ದಿಯಾ ಕೊಡಬೇಕು. ಮನೆಯವರು ದಿಯಾವನ್ನು ದಾನವೆಂದು ಬಿಟ್ಟುಕೊಡಬಹುದು. ದಾಸನ ಬಿಡುಗಡೆಯನ್ನು ಮನ್ನಾ ಮಾಡುವ ಅಧಿಕಾರ ಅವರಿಗಿಲ್ಲ. ಬಿಡುಗಡೆಗೊಳಿಸಲು ಸಾಧ್ಯವಿಲ್ಲದವನು ಸತತ ಎರಡು ತಿಂಗಳು ಉಪವಾಸವಿರಬೇಕು. ಕೈತಪ್ಪಿ ಕೊಂದವನನ್ನು ತೌರಾತ್ ಆಶ್ರಯನಗರದೊಳಗೆ ಕಟ್ಟಿಹಾಕಿದರೆ, ಕುರ್‌ಆನ್ ಅವನ ಕೈಯಿಂದ ಇನ್ನೊಬ್ಬನನ್ನು ಬಂಧನದಿಂದ ಬಿಡಿಸುತ್ತದೆ. ಬೇಕೆಂದೇ ಕೊಂದವನ ಪರಲೋಕದ ಶಿಕ್ಷೆ ಮುಂದಿನ ವಚನದಲ್ಲಿದೆ (4:93), ಅದನ್ನು ಯಾವ ವಾರಸುದಾರನೂ ಮನ್ನಾ ಮಾಡಲಾರ.

ಅಲ್ ಮಾಇದ: ತೌರಾತನ್ನು ಹೆಸರಿಸಿ ಹೇಳುವ ವಚನ

ಈ ಸಿದ್ಧತೆಯ ಬಳಿಕವೇ ಅಲ್ ಮಾಇದ ಅಧ್ಯಾಯದ 5:45ಕ್ಕೆ ಬನ್ನಿ, ಮತ್ತು 41ರಿಂದ 50ರವರೆಗಿನ ಹತ್ತು ವಚನಗಳನ್ನು ಒಂದೇ ಉಸಿರಿನಲ್ಲಿ ಓದಿ. ಮದೀನದ ಯೆಹೂದಿಗಳು ಪ್ರವಾದಿ ಮುಹಮ್ಮದರ ಬಳಿಗೆ ತೀರ್ಪಿಗಾಗಿ ಬರುವ ಪ್ರಸಂಗ ಅದು. ಅಬೂ ದಾವೂದ್ ಮುಂತಾದ ಸಂಗ್ರಹಗಳ ವರದಿಯಂತೆ, ಬನೂ ನದೀರ್ ಮತ್ತು ಬನೂ ಕುರೈಝ ಎಂಬ ಎರಡು ಯೆಹೂದಿ ಕುಲಗಳಲ್ಲಿ ನದೀರ್ ಮೇಲುಗೈಯಾಗಿತ್ತು. ಕುರೈಝದವನು ನದೀರ್‌ನವನನ್ನು ಕೊಂದರೆ ಅವನ ಪ್ರಾಣ ಹೋಗುತ್ತಿತ್ತು, ನದೀರ್‌ನವನು ಕುರೈಝದವನನ್ನು ಕೊಂದರೆ ನೂರು ವಸಕ್ (ಆಗಿನ ಒಂದು ಅಳತೆ) ಖರ್ಜೂರ ಅಳೆದುಕೊಟ್ಟರೆ ಮುಗಿಯುತ್ತಿತ್ತು. ಅವರಲ್ಲಿ ತೌರಾತ್ ಇರುವಾಗ, ಅದರಲ್ಲಿ ದೇವರ ತೀರ್ಪು ಇರುವಾಗ ಅವರು ನಿಮ್ಮನ್ನು ತೀರ್ಪುಗಾರನನ್ನಾಗಿ ಮಾಡಿಕೊಳ್ಳುವುದು ಹೇಗೆ ಎಂದು 43ನೆಯ ವಚನ ಪ್ರವಾದಿಯವರನ್ನು ಕೇಳುತ್ತದೆ. ತೌರಾತಿನಲ್ಲಿ ಮಾರ್ಗದರ್ಶನವೂ ಬೆಳಕೂ ಇವೆ ಎನ್ನುತ್ತದೆ 44. ಆಕ್ಷೇಪ ಇರುವುದು ಗ್ರಂಥದ ಮೇಲಲ್ಲ, ಗ್ರಂಥ ಕೈಯಲ್ಲಿದ್ದೂ ಕುಲ ನೋಡಿ ತೂಕ ಬದಲಿಸಿದವರ ಮೇಲೆ.

ಹೀಗೆ ಓದಿದಾಗ 45ನೆಯ ವಚನದ ಪ್ರಾಣಕ್ಕೆ ಪ್ರಾಣ, ಕಣ್ಣಿಗೆ ಕಣ್ಣು, ಮೂಗಿಗೆ ಮೂಗು, ಕಿವಿಗೆ ಕಿವಿ, ಹಲ್ಲಿಗೆ ಹಲ್ಲು, ಗಾಯಗಳಿಗೂ ಸಮನಾದ ಪ್ರತೀಕಾರ ಎಂಬ ಪಟ್ಟಿ, ನದೀರ್‌ನವನ ಪ್ರಾಣವೂ ಕುರೈಝದವನ ಪ್ರಾಣವೂ ಒಂದೇ ಎಂಬ ತೀರ್ಪಾಗಿ ಕೇಳಿಸುತ್ತದೆ. ಪಟ್ಟಿಯನ್ನು ತೌರಾತಿನ ಮೂರು ಪಟ್ಟಿಗಳೊಂದಿಗೆ ಹೋಲಿಸಿ ಬರೆದುಕೊಳ್ಳಿ. ಮೂಗು ಮತ್ತು ಕಿವಿ ತೌರಾತಿನ ಪಟ್ಟಿಗಳಲ್ಲಿಲ್ಲ. ಕೈ, ಕಾಲು, ಬರೆ ಇಲ್ಲಿಲ್ಲ. ಕುರ್‌ಆನ್ ಅಕ್ಷರಶಃ ನಕಲು ಒಪ್ಪಿಸುತ್ತಿಲ್ಲ, ವಿಧಿಯ ತಿರುಳನ್ನು ತನ್ನ ಮಾತಿನಲ್ಲಿ ಹೇಳುತ್ತಿದೆ. ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ಪಟ್ಟಿ ಮುಗಿದ ಮೇಲೆ ಬರುತ್ತದೆ: ಯಾರಾದರೂ ಅದನ್ನು ದಾನವಾಗಿ ಬಿಟ್ಟುಕೊಟ್ಟರೆ ಅದು ಅವನಿಗೆ ಪ್ರಾಯಶ್ಚಿತ್ತವಾಗುತ್ತದೆ. ‘ಅವನಿಗೆ’ ಎಂದರೆ ಯಾರಿಗೆ ಎಂಬುದರಲ್ಲಿ ಆರಂಭದ ವ್ಯಾಖ್ಯಾನಕಾರರಲ್ಲಿಯೇ ಎರಡು ಅಭಿಪ್ರಾಯಗಳಿವೆ, ಹಳೆಯ ಕುರ್‌ಆನ್ ವ್ಯಾಖ್ಯಾನಕಾರ ತಬರಿ ಎರಡನ್ನೂ ದಾಖಲಿಸಿದ್ದಾರೆ. ಕ್ಷಮಿಸಿದವನ ಪಾಪಗಳು ತೊಳೆದುಹೋಗುತ್ತವೆ ಎಂಬುದು ಒಂದು. ತಪ್ಪು ಮಾಡಿದವನ ಹೊಣೆ ತೀರುತ್ತದೆ ಎಂಬುದು ಇನ್ನೊಂದು. ಧರ್ಮೋಪದೇಶಕಾಂಡದ ಪಟ್ಟಿ ‘ನೀವು ಕನಿಕರಿಸಬಾರದು’ ಎಂಬ ಎಚ್ಚರಿಕೆಯೊಂದಿಗೆ ಬರುತ್ತದೆ, ಕುರ್‌ಆನ್‌ನ ಪಟ್ಟಿ ದಾನದ ಮಾತಿನಲ್ಲಿ ಮುಗಿಯುತ್ತದೆ. ಆದರೆ ಮೊದಲನೆಯದು ಸುಳ್ಳುಸಾಕ್ಷಿಯ ಬಗ್ಗೆ ನ್ಯಾಯಾಧಿಪತಿಗಳಿಗೆ ಹೇಳಿದ್ದು, ಎರಡನೆಯದು ಗಾಯಗೊಂಡವನಿಗೆ ಹೇಳಿದ್ದು ಎಂಬುದನ್ನು ಜೊತೆಯಲ್ಲಿಯೇ ಗುರುತಿಸಿ. ಇಲ್ಲವಾದರೆ ಹೋಲಿಕೆ ಅನ್ಯಾಯವಾಗುತ್ತದೆ.

ಈ ವಚನ ಬದುಕಿನಲ್ಲಿ ಹೇಗೆ ನಡೆಯಿತು ಎಂಬುದಕ್ಕೆ ಬುಖಾರಿ ಸಂಗ್ರಹದ ಇನ್ನೊಂದು ಹದೀಸನ್ನು ಓದಿ. ಅನಸ್ ಬಿನ್ ಮಾಲಿಕರ ಸೋದರತ್ತೆ ರುಬಯ್ಯಿಅ್ ಒಬ್ಬ ಹುಡುಗಿಯ ಮುಂಹಲ್ಲು ಮುರಿದರು. ಇವರ ಮನೆಯವರು ಪರಿಹಾರ ಕೊಡುತ್ತೇವೆ, ಕ್ಷಮಿಸಿ ಎಂದು ಕೇಳಿಕೊಂಡರೂ ಹುಡುಗಿಯ ಕಡೆಯವರು ಒಪ್ಪಲಿಲ್ಲ. ಪ್ರವಾದಿಯವರು ಕಿಸಾಸ್‌ಗೆ ಆಜ್ಞಾಪಿಸಿದರು. ರುಬಯ್ಯಿಅ್‌ರ ಸಹೋದರ ಅನಸ್ ಬಿನ್ ನದ್ರ್, ಅವಳ ಹಲ್ಲು ಮುರಿಯುವುದೇ, ದೇವರಾಣೆ ಹಾಗಾಗದು ಎಂದಾಗ ಪ್ರವಾದಿಯವರು, ಅನಸ್, ಅಲ್ಲಾಹನ ವಿಧಿ ಕಿಸಾಸ್ ಎಂದರು. ಅಷ್ಟರಲ್ಲಿ ಹುಡುಗಿಯ ಕಡೆಯವರು ತಾವಾಗಿಯೇ ಒಪ್ಪಿ ಕ್ಷಮಿಸಿದರು. ತೀರ್ಪುಗಾರನು ತೀರ್ಪನ್ನು ಸಡಿಲಿಸಲಿಲ್ಲ, ಗಾಯಗೊಂಡವರ ಕಡೆಯವರೇ ಸಡಿಲಿಸಿದರು. ಹಕ್ಕು ಯಾರ ಕೈಯಲ್ಲಿತ್ತು ಎಂಬುದು ಇದಕ್ಕಿಂತ ಸ್ಪಷ್ಟವಾಗಿ ಎಲ್ಲಿಯೂ ಕಾಣದು.

ಅಲ್ ಮಾಇದ ಅಧ್ಯಾಯದ 27ರಿಂದ 32ರವರೆಗೆ ಆದಮರ ಇಬ್ಬರು ಮಕ್ಕಳ ಕಥೆಯಿದೆ. ಒಬ್ಬ ಇನ್ನೊಬ್ಬನನ್ನು ಕೊಲ್ಲುತ್ತಾನೆ, ಹೆಣವನ್ನು ಏನು ಮಾಡಬೇಕೆಂದು ತಿಳಿಯದವನಿಗೆ ಕಾಗೆಯೊಂದು ನೆಲ ಕೆದಕಿ ತೋರಿಸುತ್ತದೆ. ಈ ಕಾರಣದಿಂದ ಬನೀ ಇಸ್ರಾಈಲರಿಗೆ, ಒಬ್ಬನನ್ನು ಅನ್ಯಾಯವಾಗಿ ಕೊಂದವನು ಎಲ್ಲ ಮನುಷ್ಯರನ್ನು ಕೊಂದಂತೆ, ಒಬ್ಬನನ್ನು ಉಳಿಸಿದವನು ಎಲ್ಲರನ್ನೂ ಉಳಿಸಿದಂತೆ ಎಂದು ವಿಧಿಸಿದೆವು ಎನ್ನುತ್ತದೆ 32ನೆಯ ವಚನ. ಆದಿಕಾಂಡದಲ್ಲಿ ಹುಡುಕಿದರೆ ಈ ಮಾತು ಸಿಗುವುದಿಲ್ಲ. ಸಿಗುವುದು ಮಿಷ್ನಾದ ಸನ್ಹೆದ್ರಿನ್ 4:5ರಲ್ಲಿ, ಮರಣದಂಡನೆಯ ಮೊಕದ್ದಮೆಗಳಲ್ಲಿ ಸಾಕ್ಷಿ ಹೇಳುವವರಿಗೆ ಕೊಡುವ ಎಚ್ಚರಿಕೆಯಲ್ಲಿ. ನಿನ್ನ ತಮ್ಮನ ರಕ್ತ ಕೂಗುತ್ತಿದೆ ಎಂದು ದೇವರು ಕಾಯಿನನಿಗೆ ಹೇಳುವಲ್ಲಿ ಹೀಬ್ರೂವಿನಲ್ಲಿ ರಕ್ತ ಬಹುವಚನದಲ್ಲಿದೆ. ಅದು ಹೇಬೆಲನ ರಕ್ತ ಮಾತ್ರವಲ್ಲ, ಅವನಿಂದ ಹುಟ್ಟಬೇಕಾಗಿದ್ದ ಎಲ್ಲರ ರಕ್ತ ಎಂದು ರಬ್ಬಿಗಳು ವಿವರಿಸಿ, ಅದರ ಬೆನ್ನಿಗೇ ಒಂದು ಪ್ರಾಣ ತೆಗೆದವನು ಇಡೀ ಲೋಕವನ್ನೇ ನಾಶಮಾಡಿದಂತೆ ಎಂದರು. ಸಹೋದರರ ಕಥೆಯಿಂದ ಈ ವಿಧಿ ಏಕೆ ಹೊರಟಿತು ಎಂಬುದು ಮಿಷ್ನಾ ಓದಿದವರಿಗೆ ತಕ್ಷಣ ಹೊಳೆಯುತ್ತದೆ. ಕುರ್‌ಆನ್ ಸಂವಾದ ನಡೆಸುತ್ತಿದ್ದುದು ಬರೆದಿಟ್ಟ ತೌರಾತಿನೊಂದಿಗೆ ಮಾತ್ರವಲ್ಲ, ಅದನ್ನು ವಿವರಿಸುತ್ತಿದ್ದ ಬಾಯಿಮಾತಿನ ಪರಂಪರೆಯೊಂದಿಗೂ ಹೌದು ಎಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನ ನನಗೆ ಕಂಡಿಲ್ಲ.

ಸುವಾರ್ತೆ, ಫಿಕ್ಹ್ ಮತ್ತು ಇಂದಿನ ನ್ಯಾಯಾಲಯ

ಮತ್ತಾಯ 5:38-42ನ್ನು ಕೊನೆಗೆ ಓದುವುದು ಒಳ್ಳೆಯದು, ಏಕೆಂದರೆ ಮೊದಲೇ ಓದಿದವರು ಉಳಿದದ್ದನ್ನೆಲ್ಲ ಅದರ ಅಳತೆಗೋಲಿನಿಂದಲೇ ಅಳೆಯತೊಡಗುತ್ತಾರೆ. ಕಣ್ಣಿಗೆ ಕಣ್ಣು ಎಂಬುದನ್ನು ಕೇಳಿದ್ದೀರಿ, ಆದರೆ ಬಲಗೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ಒಡ್ಡಿರಿ ಎಂದು ಯೇಸು ಹೇಳುತ್ತಾರೆ. ಲೆಮೆಕನ ಎಪ್ಪತ್ತೇಳಕ್ಕೆ ಎದುರಾಗಿ ನಿಲ್ಲುವ ಕ್ಷಮೆಯ ಲೆಕ್ಕ ಮತ್ತಾಯ 18:22ರಲ್ಲಿದೆ. ಇವುಗಳ ಪಕ್ಕದಲ್ಲಿ ಕುರ್‌ಆನ್ 42:39-43ನ್ನು ಇಡಿ. ಕೆಡುಕಿನ ಪ್ರತಿಫಲ ಅಷ್ಟೇ ಕೆಡುಕು, ಆದರೆ ಕ್ಷಮಿಸಿ ಸರಿಪಡಿಸಿಕೊಂಡವನ ಪ್ರತಿಫಲ ಅಲ್ಲಾಹನ ಬಳಿಯಿದೆ. ಅನ್ಯಾಯಕ್ಕೊಳಗಾಗಿ ಪ್ರತೀಕಾರ ಪಡೆದವರ ಮೇಲೆ ಆಕ್ಷೇಪವಿಲ್ಲ. ಉಹುದ್ ಯುದ್ಧದಲ್ಲಿ (ಕ್ರಿ.ಶ. 625) ಪ್ರವಾದಿಯವರ ತಂದೆಯ ಸಹೋದರ ಹಂಝಾರ ಶವವನ್ನು ವಿರೂಪಗೊಳಿಸಿದ ಘಟನೆಯೊಂದಿಗೆ ವ್ಯಾಖ್ಯಾನಕಾರರು ಜೋಡಿಸುವ 16:126 ಸಹ, ಶಿಕ್ಷಿಸುವುದಾದರೆ ನಿಮಗಾದಷ್ಟೇ ಶಿಕ್ಷಿಸಿ, ಸಹಿಸಿದರೆ ಅದೇ ಲೇಸು ಎನ್ನುತ್ತದೆ. ಸುವಾರ್ತೆ ಹಕ್ಕನ್ನು ತ್ಯಜಿಸಲು ಶಿಷ್ಯರಿಗೆ ಕರೆಕೊಡುತ್ತದೆ. ಕುರ್‌ಆನ್ ಹಕ್ಕನ್ನು ಕಾನೂನಾಗಿ ಉಳಿಸಿ, ತ್ಯಾಗವನ್ನು ಅದಕ್ಕಿಂತ ಮೇಲೆ ಇಡುತ್ತದೆ. ಕ್ಷಮಿಸಿದವನು ಮೇಲಿನವನಾಗುತ್ತಾನೆ, ಕ್ಷಮಿಸದವನು ತಪ್ಪಿತಸ್ಥನಾಗುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಮೇಲೆ ಕ್ಷಮೆಯ ಹೊರೆಯನ್ನೂ ಹೇರಲಾರದ ಈ ವ್ಯವಸ್ಥೆಯಲ್ಲಿ ನನಗೆ ದೊಡ್ಡ ಮಾನವೀಯತೆ ಕಾಣುತ್ತದೆ.

ಫಿಕ್ಹ್, ಅಂದರೆ ಇಸ್ಲಾಮೀ ಕಾನೂನುಶಾಸ್ತ್ರದ, ಪಂಡಿತರ ಚರ್ಚೆಯಲ್ಲಿ ಒಂದೇ ಅಂಶವನ್ನು ಗಮನಿಸಿದರೂ ಸಾಕು. ಹಿಂದಿನವರ ಶಾಸನವೆಂದು ಕುರ್‌ಆನ್ ಹೇಳಿದ್ದು ಮುಸ್ಲಿಮರಿಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ 5:45ರ ಸುತ್ತ ಎದ್ದಿತು. ಫಿಕ್ಹ್‌ನ ಪಂಥಗಳಲ್ಲಿ ಹನಫಿಗಳು ಪ್ರಾಣಕ್ಕೆ ಪ್ರಾಣ ಎಂಬ ವ್ಯಾಪಕ ಮಾತನ್ನು ಹಿಡಿದು, ಮುಸ್ಲಿಂ ಆಡಳಿತದ ರಕ್ಷಣೆಯಲ್ಲಿರುವ ಯೆಹೂದಿ ಅಥವಾ ಕ್ರೈಸ್ತನನ್ನು ಕೊಂದ ಮುಸ್ಲಿಮನಿಗೂ ಕಿಸಾಸ್ ಇದೆ ಎಂದರು. ಶಾಫಿಈ, ಮಾಲಿಕಿ, ಹಂಬಲಿ ಪಂಡಿತರಲ್ಲಿ ಬಹುತೇಕರು ಬೇರೊಂದು ಹದೀಸನ್ನು ಆಧರಿಸಿ ಇದನ್ನು ಒಪ್ಪಲಿಲ್ಲ. ತೌರಾತಿನಿಂದ ಬಂದ ವಚನವೇ ಇಲ್ಲಿ ಹೆಚ್ಚಿನ ಸಮಾನತೆಯ ಆಧಾರವಾಯಿತು.

ಓದುವಾಗ ಎರಡು ಅವಸರಗಳಿಂದ ದೂರವಿರಿ. ಕುರ್‌ಆನ್ ಬೈಬಲಿನಿಂದ ಎತ್ತಿಕೊಂಡಿದೆ ಎಂದು ಹೇಳಿ ಮುಗಿಸುವುದು ಒಂದು, ಬೈಬಲಿನಲ್ಲಿರುವುದೆಲ್ಲ ತಿದ್ದಲ್ಪಟ್ಟದ್ದು ಎಂದು ಹೇಳಿ ಮುಗಿಸುವುದು ಇನ್ನೊಂದು; ಎರಡೂ ಪುಸ್ತಕವನ್ನು ಮುಚ್ಚಿಬಿಡುತ್ತವೆ. ಅಧ್ಯಯನ ಕೂಟದಲ್ಲಿ ಎರಡೂ ಧರ್ಮದವರಿದ್ದರೆ ಪ್ರತಿಯೊಬ್ಬರೂ ಇನ್ನೊಬ್ಬರ ಗ್ರಂಥವನ್ನು ಗಟ್ಟಿಯಾಗಿ ಓದಲಿ, ವಿವರಿಸುವ ಹಕ್ಕು ಮಾತ್ರ ಆ ಗ್ರಂಥವನ್ನು ನಂಬಿದವರಿಗೆ ಮೊದಲು ಸಿಗಲಿ.

ಇಂದಿನ ಸರ್ಕಾರಗಳು ಕಿಸಾಸ್ ಮತ್ತು ದಿಯಾಗಳನ್ನು ನಡೆಸುವ ಬಗೆಯನ್ನು ಪ್ರತ್ಯೇಕ ಪುಟದಲ್ಲಿ ಬರೆದುಕೊಳ್ಳಿ, ಏಕೆಂದರೆ ಅದು ವಚನಗಳ ಅರ್ಥವಲ್ಲ, ವಚನಗಳನ್ನು ಆಧರಿಸಿದ ಶಾಸನ. ಸೌದಿ ಅರೇಬಿಯಾದಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೆ ರಸ್ತೆ ಅಪಘಾತದ ದಿಯಾ ಪರಿಚಿತ ವಿಷಯ. ಇರಾನಿನಲ್ಲಿ 2004ರಲ್ಲಿ ಆಸಿಡ್ ದಾಳಿಯಿಂದ ಎರಡೂ ಕಣ್ಣು ಕಳೆದುಕೊಂಡ ಯುವತಿಯೊಬ್ಬರು ಕಣ್ಣಿಗೆ ಕಣ್ಣೇ ಬೇಕೆಂದು ಹೋರಾಡಿ ನ್ಯಾಯಾಲಯದಿಂದ ಆ ತೀರ್ಪನ್ನೇ ಪಡೆದರು. 2011ರ ಜುಲೈನಲ್ಲಿ ಶಿಕ್ಷೆ ಜಾರಿಯಾಗಬೇಕಿದ್ದ ಕೊನೆಯ ಗಳಿಗೆಯಲ್ಲಿ ದಾಳಿಕೋರನ ಕಣ್ಣುಗಳನ್ನು ಬಿಟ್ಟುಕೊಟ್ಟರು. ವಾರಸುದಾರನ ಕೈಯಲ್ಲಿ ಕ್ಷಮೆ ಇರುವುದರ ಇನ್ನೊಂದು ಮುಖ ಪಾಕಿಸ್ತಾನದಲ್ಲಿ ಕಂಡಿತು. ಅಲ್ಲಿ 1990ರಲ್ಲಿ ಕಿಸಾಸ್ ಮತ್ತು ದಿಯಾ ಸುಗ್ರೀವಾಜ್ಞೆ ಬಂದ ಬಳಿಕ, ಮರ್ಯಾದೆಯ ಹೆಸರಿನಲ್ಲಿ ಮಗಳನ್ನೋ ತಂಗಿಯನ್ನೋ ಕೊಂದವನನ್ನು ಅದೇ ಮನೆಯವರು ವಾರಸುದಾರರಾಗಿ ಕ್ಷಮಿಸಿ ಬಿಡಿಸಿಕೊಳ್ಳುವ ದಾರಿ ತೆರೆದುಕೊಂಡಿತು. 2016ರಲ್ಲಿ ಅಲ್ಲಿನ ಸಂಸತ್ತು ಕಾನೂನನ್ನು ತಿದ್ದಿ, ಇಂಥ ಕೊಲೆಗಳಲ್ಲಿ ಮನೆಯವರು ಕ್ಷಮಿಸಿದರೂ ಕೊಂದವನಿಗೆ ಜೀವಾವಧಿ ಶಿಕ್ಷೆ ತಪ್ಪದಂತೆ ಮಾಡಿತು. ಆ ತಿದ್ದುಪಡಿಯ ಪಕ್ಕದಲ್ಲಿ ಅರಣ್ಯಕಾಂಡ 35:33ನ್ನೂ ಕುರ್‌ಆನ್ 4:93ನ್ನೂ ಬರೆದುಕೊಂಡು, ಮನೆಯವರ ಲೆಕ್ಕ ತೀರಿದ ಮೇಲೂ ಉಳಿಯುವ ಲೆಕ್ಕ ಯಾವುದೆಂದು ಮುಂದಿನ ಓದಿಗೆ ಪ್ರಶ್ನೆಯಾಗಿ ಇಟ್ಟುಕೊಳ್ಳಿ.